ನಲವತ್ತು ಕ್ರೇಟಿನ ಜೀಪು

ಕಾರೇದೊಡ್ಡಿ
28-9-2006

ನಂದಿತಾ ಮಗಳೇ,

ಜೀಪು ಬಂತು! ಕ್ಷೇಮಸಮಾಚಾರ ಆಮೇಲೆ, ಮೊದಲು ಇದನ್ನು ಬರೆಯೋಣ ಅಂತ ಕೂತೆ. ಹಸಿರು ಬಣ್ಣ, ಹಿಂದುಗಡೆ ಎದುರುಬದುರು ಎರಡು ಬೆಂಚು, ನಾಲ್ಕು ಚಕ್ರಕ್ಕೂ ಒಟ್ಟಿಗೇ ಬಲ ಕೊಡುವ ಇನ್ನೊಂದು ಪುಟ್ಟ ಗೇರು. ಕೃಷ್ಣಗಿರಿಯ ಶೋರೂಮಿನಿಂದ ನಾನೇ ಓಡಿಸಿಕೊಂಡು ಬಂದೆ. ಅಂಚೆಟ್ಟಿಯವರೆಗೆ ರಾಜನ ಹಾಗೆ ಬಂದೆ, ಅಲ್ಲಿಂದ ಮೇಲಕ್ಕೆ ಕಳ್ಳನ ಹಾಗೆ ಮೆಲ್ಲಗೆ ಬಂದೆ. ನಮ್ಮ ಹಳ್ಳದ ಬಂಡೆ ನಿನಗೆ ಗೊತ್ತಲ್ಲ, ದಾರಿಯ ನಡುವೆಯೇ ಬೆನ್ನು ಉಬ್ಬಿಸಿಕೊಂಡು ಮಲಗಿದೆ. ಜೀಪಿನ ಹೊಟ್ಟೆ ಅದಕ್ಕೆ ಕರ್ರೆಂದು ಉಜ್ಜಿತು. ಹೊಸ ಗಾಡಿ ಕಣಮ್ಮ, ನನ್ನ ಹೊಟ್ಟೆಯೇ ಉಜ್ಜಿದ ಹಾಗಾಯಿತು.

ಜೀಪನ್ನು ಎತ್ತರ ಮಾಡಿಸಬೇಕು, ಟೈರೂ ಬದಲಾಯಿಸಬೇಕು ಎಂದು ಊರಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಎಷ್ಟು ಎತ್ತರ, ಎಂಥ ಟೈರು ಎಂದರೆ ಒಬ್ಬೊಬ್ಬರದು ಒಂದೊಂದು ಮಾತು. ನೀನು ಡಿಪ್ಲೊಮಾ ಓದಿದವಳು, ಹೊಸೂರಿನ ಫ್ಯಾಕ್ಟರಿಯಲ್ಲಿ ಇಡೀ ದಿನ ಗಾಡಿ ಸಾಮಾನುಗಳನ್ನೇ ಅಳೆದು ನೋಡುವವಳು. ನೀನೇ ಹೇಳು. ಫೋನ್ ಮಾಡು ಅನ್ನಬೇಡ, ಸಿಗ್ನಲ್ ಹುಡುಕಿಕೊಂಡು ಗುಡ್ಡದ ತುದಿ ಹತ್ತುವುದಕ್ಕಿಂತ ಕಾಗದ ಬರೆಯುವುದೇ ಸುಖ.

ಹೋದ ವಾರ ನಿಮ್ಮಮ್ಮ ಕಮಲಿ ಬಂದು ಫೆಬ್ರವರಿ ಹನ್ನೊಂದಕ್ಕೆ ನಿನ್ನ ಮದುವೆ ಅಂತ ಹೇಳಿ ಹೋದಳು. ಹುಡುಗ ಕಿರಣ್‌ಕುಮಾರ್ ನಿನ್ನ ಫ್ಯಾಕ್ಟರಿಯವನೇ ಅಂತೆ, ಸಂತೋಷ. ಅಜ್ಜಿ ಬಂದು ಮೊದಲ ಅಕ್ಷತೆ ಹಾಕದಿದ್ದರೆ ಹಸೆಮಣೆಯಿಂದ ಎದ್ದು ಹೋಗುತ್ತೇನೆ ಅಂತ ನೀನು ಹೇಳಿ ಕಳಿಸಿದೆಯಂತೆ. ಸ್ಕೂಲಿಗೆ ಸೇರುವವರೆಗೂ ನಿನ್ನನ್ನು ಸೊಂಟದ ಮೇಲಿಟ್ಟುಕೊಂಡು ಸಾಕಿದವಳು, ಬರದೆ ಇರುತ್ತಾಳೆಯೇ? ಜೀಪು ಆ ಬಂಡೆ ದಾಟುವ ಹಾಗೆ ಮಾಡಿಕೊಡು, ಮಿಕ್ಕಿದ್ದು ನನಗಿರಲಿ.

ನಿನ್ನ ಸೋದರಮಾವ,
ವೆಂಕಟೇಶಪ್ಪ


ಆಲಸನತ್ತಂ, ಹೊಸೂರು
6-10-2006

ಜೀಪಿನ ಯಜಮಾನರಾದ ಮಾವನವರಿಗೆ ನಂದಿತಾಳ ನಮಸ್ಕಾರ.

ಕಾಗದ ಓದಿ ಮನೆಯಲ್ಲೆಲ್ಲ ಕುಣಿದೆ. ಅಪ್ಪ ಪೇಪರಿನ ಹಿಂದಿನಿಂದಲೇ, "ಮದ್ವೆ ಗೊತ್ತಾದಾಗ ಇಷ್ಟು ಕುಣೀಲಿಲ್ಲ ನೋಡು" ಅಂದರು. ಹೌದು, ಕುಣಿದಿರಲಿಲ್ಲ! ಮದುವೆ ಎಲ್ಲರಿಗೂ ಆಗುತ್ತದೆ, ಜೀಪು ನಮ್ಮ ಮಾವನಿಗೆ ಮಾತ್ರ ಬಂದಿದೆ.

ಈಗ ಎತ್ತರದ ವಿಷಯ. ಜೀಪನ್ನು ಎತ್ತುವುದಕ್ಕೆ ಎರಡು ದಾರಿ. ಚಕ್ರದ ಮೇಲಿರುವ ಸ್ಪ್ರಿಂಗ್ ಪಟ್ಟಿಗಳಿಗೆ ಇನ್ನಷ್ಟು ಪಟ್ಟಿ ಸೇರಿಸುವುದು ಒಂದು. ಹಳೆಯ ಪಟ್ಟಿ ಬಿಚ್ಚಿ, ಹೆಚ್ಚು ಬಾಗಿರುವ ಹೊಸ ಪಟ್ಟಿ ಹಾಕಿಸುವುದು ಇನ್ನೊಂದು. ಎರಡರಲ್ಲೂ ಗಾಡಿ ಏಳುತ್ತದೆ. ಆದರೆ ಪಟ್ಟಿ ಸೇರಿಸುತ್ತಾ ಹೋದರೆ ಗಾಡಿ ಗಡುಸಾಗುತ್ತದೆ, ಒಳಗೆ ಕೂತವರ ಸೊಂಟ ಕಳಚುತ್ತದೆ. ನೀವು ಎರಡನೆಯದನ್ನೇ ಮಾಡಿಸಿ. ಬಂಡೆಯ ಎತ್ತರ ಅಳೆದು ಬರೆಯಿರಿ, ಎಷ್ಟು ಬಾಗಿಸಬೇಕು ಎಂದು ಲೆಕ್ಕ ಹಾಕಿ ಕಳಿಸುತ್ತೇನೆ. ಟೈರು ಈಗಿರುವುದಕ್ಕಿಂತ ಒಂದು ಸೈಜು ದೊಡ್ಡದು ಸಾಕು. ಅದಕ್ಕಿಂತ ದೊಡ್ಡದಾದರೆ ತಿರುಗಿಸುವಾಗ ಮಡ್‌ಗಾರ್ಡಿಗೆ ಉಜ್ಜುತ್ತದೆ. ಅಂಚೆಟ್ಟಿಯಲ್ಲಿ ಯಾರದೋ ಟ್ರ್ಯಾಕ್ಟರ್ ನೋಡಿ ಆಸೆಪಡಬೇಡಿ.

ಮಾವ, ಇನ್ನೊಂದು ಮಾತು. ಅಮ್ಮ ವಾಪಸು ಬಂದಾಗ, ಅಜ್ಜಿ ಏನಂದರು ಎಂದು ಕೇಳಿದೆ. "ಏನೂ ಅನ್ಲಿಲ್ಲ" ಅಂದಳು. ಇಡೀ ಊರಿನ ಬಾಯಿ ಮುಚ್ಚಿಸುವ ಅಜ್ಜಿ ಏನೂ ಅನ್ನಲಿಲ್ಲವೆಂದರೆ ನನಗೆ ನಂಬಿಕೆಯಾಗುತ್ತಿಲ್ಲ. ಅವರು ಹೇಳಿದ್ದನ್ನು ಬೈಗುಳವಾದರೂ ಸರಿ, ಒಂದೆರಡು ಸಾಲು ಬರೆದು ಕಳಿಸಿ.

ನಂದಿತಾ


ಕಾರೇದೊಡ್ಡಿ
24-10-2006

ಮಗಳೇ,

ದೀಪಾವಳಿ ಚೆನ್ನಾಗಾಯಿತು. ಜೀಪಿಗೆ ಕುಂಕುಮ ಇಟ್ಟು, ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಹತ್ತಿಸಿದೆವು. ಮಕ್ಕಳೆಲ್ಲ ಹಾರನ್ ಒತ್ತಿ ಒತ್ತಿ ಅದರ ದನಿಯೇ ಬಿದ್ದುಹೋಗಿದೆ.

ಬಂಡೆ ಅಳೆದೆ. ಕೋಲು ನಿಲ್ಲಿಸಿ ಗುರುತು ಮಾಡಿಕೊಂಡು, ಆ ಕೋಲನ್ನೇ ಜೀಪಿನ ಕೆಳಗೆ ಹಿಡಿದು ನೋಡಿದೆ. ನಾಲ್ಕು ಬೆರಳಷ್ಟು ಎದ್ದರೆ ಆರಾಮವಾಗಿ ದಾಟುತ್ತದೆ. ಡೆಂಕಣಿಕೋಟೆಯ ಗ್ಯಾರೇಜಿನ ಮುನಿವೆಂಕಟಪ್ಪನನ್ನು ಕಂಡು ಬಂದೆ. ನೀನು ಬರೆದದ್ದನ್ನು ಪೂರ್ತಿ ಓದಿ ಹೇಳಿದೆ. ತಲೆಯಾಡಿಸಿ ಕೇಳಿದ. "ನಿಮ್ ಪಾಪು ಒಳ್ಳೇದೇ ಹೇಳೈತೆ. ಆದ್ರೆ ಅಣ್ಣಾ, ಗಾಡಿ ಅಂದ್ಮೇಲೆ ಲೋಡಿಗೆ ತಕ್ಕಂಗೆ ಪಟ್ಟಿ ಹಾಕ್ಬೇಕಲ್ಲ" ಅಂದ. ಲೋಡು ಎಷ್ಟು ಎಂದು ಕೇಳಿದ, ನಾನು ಹೇಳಿದೆ. ಸರಿ, ಬಿಟ್ಟು ಹೋಗಿ, ಕಬ್ಬಿಣದ ಪಟ್ಟಿ ಸೇಲಂನಿಂದ ಬರಬೇಕು ಅಂದ. ಟೈರು ನೀನು ಹೇಳಿದ ಸೈಜೇ. ಆದರೆ ದೊಡ್ಡ ದೊಡ್ಡ ಉಬ್ಬುಗಳಿರುವ ಬಟನ್ ಟೈರು ತೆಗೆದುಕೊಂಡೆ. ನೋಡಿದರೆ ನಿನಗೂ ಖುಷಿಯಾಗುತ್ತದೆ. ಮರದ ಬೇರಿನ ಮೇಲೆ ಹತ್ತಿದರೂ ಕೈಯಲ್ಲಿ ಹಿಡಿದುಕೊಂಡ ಹಾಗೆ ಹಿಡಿಯುತ್ತದಂತೆ.

ಒಂದು ಪ್ರಶ್ನೆ. ಗಾಡಿ ಹತ್ತುವುದಕ್ಕೆ ಕಾಲನ್ನು ಎಷ್ಟು ಎತ್ತರಕ್ಕೆ ಎತ್ತಬೇಕು ಅಂತ ನಿಮ್ಮ ಫ್ಯಾಕ್ಟರಿಯಲ್ಲಿ ಏನಾದರೂ ಲೆಕ್ಕ ಇದೆಯೇ? ಸುಮ್ಮನೆ ಕೇಳಿದೆ.

ಅವ್ವ ಚೆನ್ನಾಗಿದ್ದಾಳೆ.

ವೆಂಕಟೇಶಪ್ಪ


ಆಲಸನತ್ತಂ
9-11-2006

ಮಾವನವರಿಗೆ ನಮಸ್ಕಾರ.

ಟೈರಿನ ಬಗ್ಗೆ ಎರಡು ಪುಟ ಬರೆದಿರಿ, ಅಜ್ಜಿಯ ಬಗ್ಗೆ ಎರಡೇ ಪದ. ನನಗೆ ಅರ್ಥವಾಯಿತು.

ಇನ್ನು ಒಳಗೇ ಇಟ್ಟುಕೊಳ್ಳುವುದಕ್ಕೆ ಆಗುವುದಿಲ್ಲ, ಬಾಯಿ ಬಿಟ್ಟೇ ಕೇಳುತ್ತೇನೆ. ನಿಮ್ಮ ಕುಮಾರೇಶ್ ಭಾವ ನನಗೆ ಸೋದರಮಾವನ ಮಗ, ನಾನು ಆ ಮನೆಗೇ ಸೊಸೆಯಾಗಿ ಬರಬೇಕೆಂದು ಅಜ್ಜಿಗೆ ಆಸೆ ಇತ್ತಲ್ಲವೇ? ಚಿಕ್ಕಂದಿನಲ್ಲಿ ನಮ್ಮಿಬ್ಬರನ್ನೂ ಒಂದೇ ಹಂಡೆಯಲ್ಲಿ ಕೂರಿಸಿ ಸ್ನಾನ ಮಾಡಿಸುತ್ತಾ ಅಜ್ಜಿ ಹಾಗೆ ಅನ್ನುತ್ತಿದ್ದರೆಂದು ಅಮ್ಮನೇ ಹೇಳಿದ್ದಾಳೆ. ನಾನು ಹೊರಗಿನ ಹುಡುಗನನ್ನು ಒಪ್ಪಿಕೊಂಡೆನೆಂದು ಅಜ್ಜಿಗೆ ಕೋಪ. ಅದಕ್ಕೇ ಮಾತಿಲ್ಲ. ನೀವು ಅದನ್ನು ಮುಚ್ಚಿಡುವುದಕ್ಕೆ ಟೈರು ಗೀರು ಎಂದು ಬರೆಯುತ್ತಿದ್ದೀರಿ. ಮಾವ, ಕಿರಣ್ ಒಳ್ಳೆಯವರು. ಮೊದಲ ಸಲ ಮಾತಾಡಿದಾಗ ನಾನು ರಿಜೆಕ್ಟ್ ಮಾಡಿದ ಸಾಮಾನಿನ ವಿಷಯಕ್ಕೆ ಜಗಳ ಮಾಡಲು ಬಂದು, ಅಳತೆ ನೋಡಿ, "ನೀವು ಹೇಳಿದ್ದೇ ಸರಿ" ಎಂದು ಒಪ್ಪಿಕೊಂಡು ಹೋದವರು. ಅಜ್ಜಿ ಒಂದು ಸಲ ಅವರನ್ನು ನೋಡಿದರೆ ಸಾಕು.

ಎತ್ತರ ಎಷ್ಟಾದರೂ ಮಾಡಿಸಿ. ಬೇರೆ ಯಾರು ಬಂದರೂ ಬಿಟ್ಟರೂ ನನಗೆ ಚಿಂತೆಯಿಲ್ಲ, ಅಜ್ಜಿ ಮಾತ್ರ ಬರಬೇಕು.

ನಂದಿತಾ


ಕಾರೇದೊಡ್ಡಿ
17-12-2006

ಮಗಳೇ,

ರಾಗಿ ಕೊಯ್ಲು, ಕಣ, ತೂರುವುದು ಎಂದು ಒಂದು ತಿಂಗಳು ಪೆನ್ನು ಹಿಡಿಯಲಿಲ್ಲ. ನೀನು ಅಲ್ಲಿ ಅತ್ತುಕೊಂಡು ಕೂತಿದ್ದೀಯ ಅಂತ ಕಮಲಿ ಅಂಚೆಟ್ಟಿಯ ಅಂಗಡಿಗೆ ಫೋನ್ ಮಾಡಿ ಹೇಳಿದಳು. ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಬಿದ್ದು ಬಿದ್ದು ನಕ್ಕಳು. "ಆ ಕುಮಾರೇಸನ್ಗಾ? ಉಂಡ್ ತಟ್ಟೆ ತೊಳ್ಯಾಕ್ ಬರಾಕಿಲ್ಲ ಅವ್ನ್ಗೆ! ನನ್ ಚಿನ್ನದಂತ ಮಗೀನ ಅವ್ನ್ ಕೈಗ್ ಕೊಟ್ಟು ಹಾಳ್ ಮಾಡಾನಾ?" ಅಂದಳು. ಕೃಷ್ಣಗಿರಿಯ ಮಾವಿನ ಫ್ಯಾಕ್ಟರಿಯಿಂದ ರಜೆಗೆ ಬಂದಿದ್ದ ಕುಮಾರೇಶ ಅಲ್ಲೇ ಕೂತು ಊಟ ಮಾಡುತ್ತಿದ್ದ. ಅವನೂ ನಕ್ಕ. ಆಮೇಲೆ ಎದ್ದು ಹೋಗಿ ತಟ್ಟೆ ತೊಳೆದ.

ನಿಜ ಬೇರೆ ಇದೆ. ಹೇಳಬೇಡ ಅಂತ ಅವ್ವ ಆಣೆ ಹಾಕಿದ್ದಳು, ನಿನ್ನ ಅಳುವಿಗಿಂತ ಆಣೆ ದೊಡ್ಡದಲ್ಲ. ಎರಡು ವರ್ಷದ ಹಿಂದೆ ಡೆಂಕಣಿಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವಾಗ ಅವಳ ಕಾಲು ಮೇಲಕ್ಕೆ ಏಳಲಿಲ್ಲ. ಮೆಟ್ಟಿಲು ತಪ್ಪಿ ಬಿದ್ದಳು. ಸೀರೆಯೆಲ್ಲ ಕೆದರಿ, ನಿಂತಿದ್ದವರು ನಕ್ಕರು. ಅವತ್ತಿನಿಂದ ಬೆಟ್ಟ ಇಳಿದಿಲ್ಲ. ನಾನು ಎತ್ತಿ ಕೂರಿಸುತ್ತೇನೆಂದರೆ, "ಹೆಣ ಎತ್ದಂಗೆ ಎತ್ತಾಕ್ ಬರ್ಬ್ಯಾಡ ಕಣ್ಲಾ. ನನ್ ಕಾಲಾಗೇ ಹತ್ತಿ ನನ್ ಕಾಲಾಗೇ ಇಳೀಬೇಕು, ಇಲ್ದಿದ್ರೆ ಬರಾಕಿಲ್ಲ" ಅನ್ನುತ್ತಾಳೆ. ಕೋಪವಲ್ಲ ಮಗಳೇ, ನಾಚಿಕೆ. ನಿನ್ನ ಗಂಡಿನ ಕಡೆಯವರ ಮುಂದೆ ಮತ್ತೆ ಹಾಗೆ ಬಿದ್ದರೆ ಎಂಬ ಭಯ.

ಇನ್ನೊಂದು ಎಡವಟ್ಟೂ ಆಗಿದೆ. ಮುನಿವೆಂಕಟಪ್ಪ, "ಎಷ್ಟು ಕ್ರೇಟು ಮಾವಿನಕಾಯಿ ಹಾಕ್ತೀರ?" ಅಂತ ಕೇಳಿದನಲ್ಲ, ಪಕ್ಕದಲ್ಲಿ ಇನ್ನೂ ನಾಲ್ಕು ಜನ ತೋಟದವರು ಕೂತಿದ್ದರು. ಈ ಸೀಮೆಯಲ್ಲಿ ಆ ಪ್ರಶ್ನೆಗೆ ಯಾರಾದರೂ ಚಿಕ್ಕ ಲೆಕ್ಕ ಹೇಳಿದ್ದನ್ನು ನೀನು ಕೇಳಿದ್ದೀಯಾ? ಬಾಯಿಗೆ ಬಂದದ್ದು ನಲವತ್ತು. ನಮ್ಮ ಎಂಟು ಮರಕ್ಕೆ ನಲವತ್ತು ಕ್ರೇಟು! ಅವನು ಪಾಪ ನಂಬಿ, ನಲವತ್ತು ಕ್ರೇಟು ತಡೆಯುವ ಪಟ್ಟಿಗಳನ್ನೇ ಹಾಕಿ ಕಳಿಸಿದ್ದಾನೆ.

ನೋಡುವುದಕ್ಕೆ ಜೀಪು ಆನೆಯ ಹಾಗಿದೆ. ಬಂಡೆಯನ್ನು ಮುಟ್ಟದೆಯೇ ದಾಟಿತು, ಊರೆಲ್ಲ ಶಿಳ್ಳೆ ಹೊಡೆಯಿತು. ಹತ್ತುವ ಜಾಗ ಮಾತ್ರ ಅವ್ವನ ಸೊಂಟಕ್ಕೆ ಬಂದಿದೆ. ಕೆಳಗೆ ಒಂದು ಕಬ್ಬಿಣದ ಮೆಟ್ಟಿಲು ಕಟ್ಟಿಸಿದೆ, ಮೊದಲ ದಿನವೇ ಬಂಡೆ ಅದನ್ನು ಕಿತ್ತುಕೊಂಡಿತು. ಮರದ ಮಣೆ ಇಟ್ಟೆ, ಅದು ಅಲ್ಲಾಡಿತು, ಅವ್ವ ಹೆದರಿದಳು. ಹೇಗೋ ಕಲ್ಲಿನ ಮೇಲೆ ಕಲ್ಲಿಟ್ಟು, ಅವಳೇ ಹತ್ತಿ ಕೂತಳು. ಹುಣಸೆಮರದಿಂದ ಮಾರಮ್ಮನ ಗುಡಿಯವರೆಗೆ ಓಡಿಸಿದೆ. ಖಾಲಿ ಗಾಡಿ, ಗಟ್ಟಿ ಪಟ್ಟಿ. ಅವ್ವ ಬೆಂಚಿನಿಂದ ಎಗರಿ ಎಗರಿ ಬಿದ್ದಳು. ಗುಡಿಯ ಹತ್ತಿರ ಇಳಿದು, ಕೋಲೂರಿಕೊಂಡು ನಡೆದೇ ಮನೆಗೆ ಬಂದಳು. "ನಾ ಬರಾಕಿಲ್ಲ ಅಂತ ಬರ್ದಾಕು" ಅಂದಳು.

ಬರೆದಿದ್ದೇನೆ. ನನ್ನ ಜಂಬ ನಿನ್ನ ಮದುವೆಗೆ ಅಡ್ಡ ಬಂತಲ್ಲ ಅಂತ ಊಟ ಸೇರುತ್ತಿಲ್ಲ.

ವೆಂಕಟೇಶಪ್ಪ


ಆಲಸನತ್ತಂ
24-12-2006

ನಲವತ್ತು ಕ್ರೇಟಿನ ಮಾವನವರಿಗೆ,

ನಿಮ್ಮ ಕಾಗದ ಓದುತ್ತಾ ಅತ್ತೆ, ನಕ್ಕೆ, ಮತ್ತೆ ಅತ್ತೆ. ಅಮ್ಮ ನನಗೆ ಹುಚ್ಚು ಹಿಡಿದಿದೆ ಅಂದುಕೊಂಡಳು. ಅಜ್ಜಿಗೆ ನನ್ನ ಮೇಲೆ ಕೋಪವಿಲ್ಲ! ಈ ಒಂದು ಮಾತಿಗೆ ನಿಮ್ಮ ಎಡವಟ್ಟನ್ನೆಲ್ಲ ಮನ್ನಿಸಿದ್ದೇನೆ. ಅಜ್ಜಿ ಬಿದ್ದಾಗ ನಕ್ಕವರು ಯಾರೆಂದು ಗೊತ್ತಾಗಿದ್ದರೆ ಅವರನ್ನು ಮಾತ್ರ ಮನ್ನಿಸುತ್ತಿರಲಿಲ್ಲ.

ಈಗ ಗಮನವಿಟ್ಟು ಓದಿ. ಪಟ್ಟಿ ಬಿಚ್ಚಿಸಬೇಡಿ. ಮುನಿವೆಂಕಟಪ್ಪನವರು ಕೆಲಸ ಕೆಡಿಸಿಲ್ಲ, ನೀವು ಹೇಳಿದ್ದನ್ನೇ ಮಾಡಿದ್ದಾರೆ. ಭಾರ ಹೊರುವುದಕ್ಕೆಂದು ಮಾಡಿದ ಪಟ್ಟಿ ಭಾರವಿಲ್ಲದಾಗ ಮರದ ಹಲಗೆಯ ಹಾಗೆ ಬಡಿಯುತ್ತದೆ. ಭಾರ ಹಾಕಿದರೆ ಅದೇ ಪಟ್ಟಿ ಬಾಗುತ್ತದೆ, ತೊಟ್ಟಿಲ ಹಾಗೆ ತೂಗುತ್ತದೆ. ಗಾಡಿ ತಗ್ಗೂ ಆಗುತ್ತದೆ. ಆದರೂ ಮುಂಚಿನದಕ್ಕಿಂತ ಮೇಲೇ ಇರುವುದರಿಂದ ಬಂಡೆ ದಾಟುತ್ತದೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ನಾನು ನಿಮ್ಮ ಮಾತಿನ ಒಳಗೆ ಅಜ್ಜಿಯ ಕೋಪ ಹುಡುಕುವುದರಲ್ಲೇ ಇದ್ದೆ, ಲೆಕ್ಕ ಹಾಕಲೇ ಇಲ್ಲ.

ಹೊಸ ರಾಗಿ ಮೂಟೆಗಳು ಮನೆಯಲ್ಲಿವೆಯಲ್ಲ, ಎರಡು ಬೆಂಚಿನ ನಡುವೆ ಒಂದೊಂದಾಗಿ ಹೇರಿ. ಮೂಟೆ ಹೇರಿದ ಹಾಗೆಲ್ಲ ಹಿಂಭಾಗ ಎಷ್ಟು ಇಳಿಯಿತೆಂದು ನೋಡುತ್ತಾ ಹೋಗಿ. ಅಜ್ಜಿಯ ಕಾಲು ಸುಲಭವಾಗಿ ಸಿಗುವಷ್ಟು ಇಳಿದ ಮೇಲೆ ಕೊನೆಯಲ್ಲಿ ಅಜ್ಜಿ ಹತ್ತಲಿ. ಟೈರಿನಲ್ಲಿ ಗಾಳಿ ಸ್ವಲ್ಪ ಕಡಿಮೆ ಮಾಡಿ, ಕಲ್ಲಿನ ಏಟು ಅರ್ಧ ಅಲ್ಲೇ ಸಾಯುತ್ತದೆ. ಅಂಚೆಟ್ಟಿಗೆ ಬಂದ ಮೇಲೆ ಮತ್ತೆ ತುಂಬಿಸಿಕೊಳ್ಳಿ.

ಇದು ಸರಿಹೋಗದಿದ್ದರೆ ಮದುವೆಯನ್ನೇ ಕಾರೇದೊಡ್ಡಿಗೆ ತರುತ್ತೇನೆ. ಕಿರಣ್‌ಗೆ ಹೇಳಿದ್ದೇನೆ. "ನಿಮ್ಮ ಮಾವನ ಜೀಪಲ್ಲಿ ಅಲ್ಲ ತಾನೆ?" ಎಂದು ಕೇಳಿದರು.

ನಂದಿತಾ


ಕಾರೇದೊಡ್ಡಿ
8-1-2007

ಮಗಳೇ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು!

ಮೂಟೆ ಹೇರಿದೆವು. ಒಂದೊಂದು ಮೂಟೆಗೂ ಜೀಪು ಮುದುಕ ಕೂರುವ ಹಾಗೆ ನಿಧಾನಕ್ಕೆ ಕೂತಿತು. ಊರಿಗೆ ಊರೇ ಹುಣಸೆಮರದ ಕೆಳಗೆ ಸೇರಿತ್ತು. ಮುಂದೆ ಕೂತರೆ ಡೀಸೆಲ್ ವಾಸನೆಗೆ ವಾಂತಿ ಬರುತ್ತದೆ ಎಂದು ಅವ್ವ ಹಿಂದಿನ ಬೆಂಚಿನ ತುದಿಯನ್ನೇ ಆರಿಸಿಕೊಂಡಳು. ಕಂಬಿ ಹಿಡಿದಳು, ಒಂದು ಕಾಲಿಟ್ಟಳು, ಇನ್ನೊಂದು ಕಾಲು ತಾನಾಗಿಯೇ ಬಂತು. ಯಾರೂ ಮುಟ್ಟಲಿಲ್ಲ. ಕೂತ ಮೇಲೆ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು. ನನಗೆ ಕಣ್ಣು ತುಂಬಿ ಬಂತು, ಇಂಜಿನ್ ನೋಡುವವನ ಹಾಗೆ ಬಾನೆಟ್ ಎತ್ತಿ ನಿಂತುಬಿಟ್ಟೆ.

ಹಳ್ಳದವರೆಗೆ ಹೋಗಿ ಬಂದೆವು. ಬಂಡೆ ಮುಟ್ಟಲಿಲ್ಲ. ಅವ್ವ ದಾರಿಯುದ್ದಕ್ಕೂ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು, ಸುಣ್ಣ ಕೂಡ ಚೆಲ್ಲಲಿಲ್ಲ. "ಇವಾಗ್ ಗಾಡಿ ಗಾಡಿ ಇದ್ದಂಗೈತೆ. ಬತ್ತೀನಿ ಅಂತ ಬರಿ" ಅಂದಳು. ಬರೆದೆ. ಇನ್ನೊಂದು ಸಲ ಬರೆಯುತ್ತೇನೆ, ನನ್ನ ಸಂತೋಷಕ್ಕೆ. ಅವ್ವ ಬರುತ್ತಾಳೆ.

ಪಕ್ಕದ ಮನೆಯ ಪಾಪಮ್ಮ ನಿನಗೆ ಗೊತ್ತಲ್ಲ, ನಿನಗೆ ಚಿಕ್ಕಂದಿನಲ್ಲಿ ದೃಷ್ಟಿ ತೆಗೆಯುತ್ತಿದ್ದವಳು. ಎಲ್ಲವನ್ನೂ ನೋಡುತ್ತಾ ನಿಂತಿದ್ದವಳು, "ಅಲ್ಲ ಯಂಕಟೇಸಪ್ಪ, ನಂದಿತನ್ ಮದ್ವೆಗೆ ರಾಗಿ ಮೂಟೆ ಹೋಗ್ಬೌದು, ನಾವ್ ಹೋಗಂಗಿಲ್ವಾ? ಮೂಟೆಗಿರೋ ಮರ್ವಾದಿ ನಮ್ಗಿಲ್ವಾ?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಿಮ್ಮಪ್ಪ ಬೋರಯ್ಯ ಭಾವ ನಮ್ಮ ಮನೆಗೆ ಮಾತ್ರ ಒಂದು ಕಾರ್ಡು ಕಳಿಸಿದ್ದಾರೆ, ಚಿಕ್ಕ ಛತ್ರ, ಕಡಿಮೆ ಜನ ಎಂದು ಹೇಳಿದ್ದಾರೆ. ಅದು ಅವರಿಷ್ಟ, ನಾನು ಮೂಟೆಗಳನ್ನೇ ತರುತ್ತೇನೆ. ಈ ಮಾತು ನಿನ್ನಲ್ಲೇ ಇರಲಿ.

ವೆಂಕಟೇಶಪ್ಪ


ಆಲಸನತ್ತಂ
17-1-2007

ಮಾವನವರಿಗೆ,

ನಿಮ್ಮ ಮಾತು ನನ್ನಲ್ಲೇ ಉಳಿಯಲಿಲ್ಲ. ಕಾಗದ ಓದಿ ಮುಗಿಸಿದ ಕೂಡಲೇ ಅಪ್ಪನ ಮುಂದೆ ಇಟ್ಟೆ. ನೀವು ಬೇಕಾದಷ್ಟು ಬೈದುಕೊಳ್ಳಿ.

ಅಪ್ಪ ಎರಡು ದಿನ ಆ ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದರು. ಗಂಡಿನ ಕಡೆಯವರು ಮೊದಲೇ, "ಹೆಚ್ಚು ಜನ ಬೇಡ, ಅಚ್ಚುಕಟ್ಟಾಗಿ ಆಗಲಿ" ಎಂದಿದ್ದರು, ಅದೇ ಅಪ್ಪನ ಹೆದರಿಕೆ. ಕಿರಣ್ ಅವರ ತಂದೆ ಗೋಪಾಲಪ್ಪನವರು ಕೃಷ್ಣಗಿರಿ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ಅವರ ಪಂಚೆಯ ಮಡಿಕೆ ಕೂಡ ಅಲುಗುವುದಿಲ್ಲ. ನಾಲ್ಕು ಸಲ ನಮ್ಮ ಮನೆಗೆ ಬಂದಿದ್ದಾರೆ, ಒಂದು ಸಲವೂ ನಕ್ಕಿಲ್ಲ. ನನಗೂ ಅವರನ್ನು ಕಂಡರೆ ಒಳಗೊಳಗೇ ಅಳುಕು, ಇದನ್ನು ನಿಮಗೆ ಈವರೆಗೆ ಹೇಳಿರಲಿಲ್ಲ. ಆದರೆ ಸಂಕ್ರಾಂತಿ ಎಳ್ಳು ಬೀರಿ ಬಂದ ಮೇಲೆ ಅಮ್ಮ ಅಪ್ಪನಿಗೆ, "ನನ್ ತೌರಿನೋರು ರಾಗಿ ಮೂಟೆಗಿಂತ ಕಡೆ ಆಗೋದ್ರಾ?" ಎಂದು ಒಂದೇ ಒಂದು ಮಾತು ಕೇಳಿದಳು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಪ್ರೆಸ್ಸಿಗೆ ಹೋದರು.

ಇದರ ಜೊತೆ ಕಾರ್ಡುಗಳಿವೆ, ಕಾರೇದೊಡ್ಡಿಯ ಒಂದೊಂದು ಮನೆಗೂ ಒಂದು. ಮನೆಗೊಬ್ಬರು ಅಲ್ಲ, ಮನೆ ಮಂದಿಗೆಲ್ಲ ಎಂದು ಅಪ್ಪನೇ ಕೈಯಲ್ಲಿ ಬರೆದಿದ್ದಾರೆ. ಅರಿಶಿನ ಹಚ್ಚಿ ನೀವೇ ಕೊಡಿ. ಮೂಟೆಗಳ ಬದಲು ಹಿಡಿಯುವಷ್ಟು ಜನ ಜೀಪಿನಲ್ಲಿ, ಮಿಕ್ಕವರು ಮುಂಜಾನೆ ಬಸ್ಸಿಗೆ. ಪಾಪಮ್ಮನನ್ನು ಮಾತ್ರ ಜೀಪಿನಲ್ಲೇ ಕರೆತನ್ನಿ, ಅವರೊಬ್ಬರೇ ಎರಡು ಮೂಟೆ!

ನಂದಿತಾ


ಬಾಗಲೂರು ರಸ್ತೆ, ಹೊಸೂರು
16-2-2007

ಮಾವನವರಿಗೆ ಹೊಸ ಮನೆಯಿಂದ ನಂದಿತಾಳ ನಮಸ್ಕಾರ.

ಕತ್ತಲಾಗುವುದರೊಳಗೆ ಹಳ್ಳ ದಾಟಬೇಕೆಂದು ಊಟವಾದ ಕೂಡಲೇ ಎಲ್ಲರನ್ನೂ ತುಂಬಿಕೊಂಡು ಹೊರಟುಬಿಟ್ಟಿರಿ, ಎರಡು ಮಾತಾಡುವುದಕ್ಕೂ ಆಗಲಿಲ್ಲ. ಅಜ್ಜಿ ಅಕ್ಷತೆ ಹಾಕಿ ನನ್ನ ತಲೆಯ ಮೇಲೆ ಕೈ ಇಟ್ಟಾಗ, ಆ ಕೈ ಅಷ್ಟು ಹಗುರವಾಗಿತ್ತು, ನನಗೆ ಮಂತ್ರ ಏನೂ ಕೇಳಿಸಲಿಲ್ಲ. ಫೋಟೋದಲ್ಲೆಲ್ಲ ನನ್ನ ಕಾಡಿಗೆ ಕೆನ್ನೆಗೆ ಇಳಿದಿದೆ. ಇರಲಿ.

ನನಗೆ ಒಂದು ವಿಷಯ ತಿಳಿಯಲೇಬೇಕು. ನಾನು ಒಳಗೆ ಜಡೆ ಹಾಕಿಸಿಕೊಳ್ಳುತ್ತಿದ್ದೆ. ಹೊರಗೆ ನಿಮ್ಮ ಜೀಪಿನ ಹಾರನ್, ಆಮೇಲೆ ಗಲಾಟೆ. ಅಜ್ಜಿ ಬಿದ್ದರು ಎಂದುಕೊಂಡು ನನ್ನ ಜೀವವೇ ಹಾರಿತು, ಏಳಲು ಹೋದರೆ ಹೆಂಗಸರು ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಪುರೋಹಿತರು ಗಂಡಿನ ಕಡೆಯವರು ಎಲ್ಲಿ ಎಂದು ಕೂಗುತ್ತಿದ್ದರು, ಒಬ್ಬರೂ ಇಲ್ಲ! ಕೊನೆಗೆ ಗೋಪಾಲಪ್ಪ ಮಾವನವರು ಬಂದರು. ಪಂಚೆಗೆಲ್ಲ ಧೂಳು, ತಲೆಗೂದಲು ಕೆದರಿದೆ, ನಗು ತಡೆಯುವುದಕ್ಕೆ ಆಗದೆ ಅತ್ತೆಯ ಭುಜ ಹಿಡಿದುಕೊಂಡಿದ್ದಾರೆ. ಏನಾಯಿತೆಂದು ಕೇಳಿದರೆ ಈ ಮನೆಯಲ್ಲಿ ಎಲ್ಲರೂ, "ನಿಮ್ ಮಾವನ್ನ ಕೇಳು" ಎಂದು ಮತ್ತೆ ನಗುತ್ತಾರೆ. ಕೇಳುತ್ತಿದ್ದೇನೆ.

ನಂದಿತಾ


ಕಾರೇದೊಡ್ಡಿ
24-2-2007

ಚಿ. ಸೌ. ನಂದಿತಾಳಿಗೆ,

ಸೌಭಾಗ್ಯವತಿ ಎಂದು ಮೊದಲ ಸಲ ಬರೆಯುತ್ತಿದ್ದೇನೆ.

ಕೇಳು. ದಾರಿಯೆಲ್ಲ ಸೊಗಸಾಗಿ ಬಂದೆವು. ಬೆಂಚುಗಳ ತುಂಬ ಜನ, ನಡುವೆ ನಿಂತವರು ಬೇರೆ, ಸೋಬಾನೆ ಪದ ಹೇಳುತ್ತಾ ಬಂದರು. ಅವ್ವ ಬೆಂಚಿನ ತುದಿಯಲ್ಲಿ ಕೂತು, ತಪ್ಪು ಹೇಳಿದವರನ್ನು ತಿದ್ದುತ್ತಾ ಬಂದಳು. ಛತ್ರದ ಚಪ್ಪರದ ಮುಂದೆ ನಿಲ್ಲಿಸಿದೆ. ಅಲ್ಲೇ ನಾನು ಬುದ್ಧಿಗೇಡಿಯಾದೆ. ಹತ್ತುವಾಗ ಅವ್ವ ಕೊನೆಗೆ ಎಂದು ಯೋಚನೆ ಮಾಡಿದ್ದೆವು. ಇಳಿಯುವಾಗ ಅವ್ವ ಮೊದಲು ಎಂದು ನಿನಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಒಳಗೆ ಓಲಗ ಕೇಳಿತು, ಉಪ್ಪಿಟ್ಟಿನ ಘಮ ಬಂತು. ಪಾಪಮ್ಮ ಧುಮುಕಿದಳು, ಅವಳ ಹಿಂದೆ ಎಲ್ಲರೂ ಧುಮುಕಿ ಒಳಗೆ ಹೋದರು. ಜೀಪು ಮೇಲೆದ್ದಿತು. ನಾನು ಇಳಿದು ಹಿಂದೆ ಬಂದು ನೋಡಿದರೆ, ಅವ್ವ ಒಬ್ಬಳೇ ಮೇಲೆ ಕೂತಿದ್ದಾಳೆ, ತೇರಿನ ಮೇಲಿನ ದೇವರ ಹಾಗೆ. ಕಾಲು ಇಳಿಬಿಟ್ಟಳು, ನೆಲ ಎಲ್ಲೋ ಕೆಳಗಿದೆ.

ಗಂಡಿನ ಕಡೆಯವರೆಲ್ಲ ಬಾಗಿಲಲ್ಲೇ ನಿಂತಿದ್ದರು. ಯಾರೋ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. "ಅದರ ಕಾಲು ನನ್ ಕಾಲ್ಗಿಂತ ಸೋತೋಗೈತೆ, ತಗೀರಿ" ಅಂದಳು. ಇಬ್ಬರು ಹುಡುಗರು ಎತ್ತಿ ಇಳಿಸುವುದಕ್ಕೆ ಕೈ ಚಾಚಿದರು. ಅವ್ವ ಸೆರಗು ಬಿಗಿಯಾಗಿ ಹಿಡಿದುಕೊಂಡು ಮುಖ ತಿರುಗಿಸಿದಳು. ಡೆಂಕಣಿಕೋಟೆ ಬಸ್‌ಸ್ಟ್ಯಾಂಡೇ ಅವಳ ಕಣ್ಣ ಮುಂದಿತ್ತು. ನನ್ನ ಕಾಲ ಕೆಳಗಿನ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ನಿನ್ನ ಮಾವ ಗೋಪಾಲಪ್ಪನವರು ಮುಂದೆ ಬಂದರು. ಜರಿ ಪಂಚೆ, ಶಲ್ಯ, ನೀನು ಹೇಳಿದ ಹಾಗೇ ಇದ್ದರು. "ಏನು ತೊಂದರೆ?" ಎಂದು ಕೋರ್ಟಿನಲ್ಲಿ ಕೇಳುವ ಹಾಗೆ ಕೇಳಿದರು. ನನಗೆ ಬೇರೆ ದಾರಿ ಕಾಣಲಿಲ್ಲ. ಬಂಡೆ, ಪಟ್ಟಿ, ನಲವತ್ತು ಕ್ರೇಟು, ನನ್ನ ಜಂಬ, ರಾಗಿ ಮೂಟೆ, ಅವ್ವನ ಹಟ, ಎಲ್ಲವನ್ನೂ ಹೇಳಿಬಿಟ್ಟೆ. ಅವರು ಪೂರ್ತಿ ಕೇಳಿದರು. ಜೀಪಿನ ಕೆಳಗೆ ಬಗ್ಗಿ ಪಟ್ಟಿ ನೋಡಿದರು. ಅವ್ವನನ್ನು ಒಂದು ಸಲ ನೋಡಿದರು. ನಮ್ಮ ಜನರನ್ನು ಕರೆಸಿ ಎನ್ನುತ್ತಾರೆಂದು ನಾನು ಒಳಗೆ ಓಡಲು ಹೊರಟೆ.

ಅವರು ಚಪ್ಪಲಿ ಬಿಟ್ಟರು. ಶಲ್ಯ ಸೊಂಟಕ್ಕೆ ಸುತ್ತಿದರು. ಕಂಬಿ ಹಿಡಿದು ಜೀಪು ಹತ್ತಿ, ಅವ್ವನ ಎದುರು ಬೆಂಚಿನಲ್ಲಿ ಕೂತು, "ಶ್ಯಾಮಲಾ, ಬಾ, ಹತ್ತು" ಎಂದು ಹೆಂಡತಿಯನ್ನು ಕರೆದರು. ಶ್ಯಾಮಲಮ್ಮನವರು ರೇಷ್ಮೆ ಸೀರೆಯ ನೆರಿಗೆ ಎತ್ತಿ ಹತ್ತಿದರು. "ಏನ್ ನೋಡ್ತಾ ನಿಂತಿದ್ದೀರಿ? ಬನ್ರಯ್ಯಾ ಎಲ್ಲಾರೂ!" ಎಂದು ಗೋಪಾಲಪ್ಪನವರು ಒಂದು ಗದರು ಗದರಿದರು ನೋಡು, ಚಿಕ್ಕಪ್ಪ, ಚಿಕ್ಕಮ್ಮ, ಕೋಟು ಹಾಕಿದವರು, ವಿಡಿಯೋ ತೆಗೆಯುವವನು, ಎಲ್ಲರೂ ಹತ್ತಿದರು. ಮದುಮಗ ಬಾಸಿಂಗ ಕಟ್ಟಿಕೊಂಡೇ ಹತ್ತಿದ. ಜೀಪು ಇಳಿಯಿತು, ಇನ್ನೂ ಇಳಿಯಿತು. "ಸಾಕಾ ಅಮ್ಮ?" ಎಂದು ಗೋಪಾಲಪ್ಪನವರು ಕೇಳಿದರು. ಅವ್ವ ಕಾಲು ಚಾಚಿ ನೋಡಿ, "ಇನ್ನೊಬ್ರು ಬೇಕು" ಅಂದಳು. ಒಳಗಿಂದ ಅಡುಗೆ ಭಟ್ಟರನ್ನು ಕರೆಸಿದರು.

ಅವ್ವ ಇಳಿದಳು, ತನ್ನ ಕಾಲಲ್ಲೇ. ನೆಲಕ್ಕೆ ನಿಂತು ಸೀರೆ ಸರಿಮಾಡಿಕೊಂಡು ಹಿಂದೆ ತಿರುಗಿದರೆ, ನಿನ್ನ ಅತ್ತೆಮನೆಗೆ ಮನೆಯೇ ಜೀಪಿನೊಳಗೆ ಕೂತು ಅವಳಿಗೆ ಕೈ ಮುಗಿಯುತ್ತಿದೆ. ಅವ್ವ ಬಾಯಿಗೆ ಸೆರಗಿಟ್ಟುಕೊಂಡು ನಗುವುದಕ್ಕೆ ಶುರುಮಾಡಿದಳು. ಅವಳನ್ನು ನೋಡಿ ಅವರೂ ನಕ್ಕರು. ಆ ನಗುವಿಗೂ ಬಸ್‌ಸ್ಟ್ಯಾಂಡಿನ ನಗುವಿಗೂ ಎಷ್ಟು ದೂರ ಮಗಳೇ. "ಹತ್ತಿದ್ದೇ ಹತ್ತಿದ್ದೀವಿ, ಒಂದು ರೌಂಡ್ ಹಾಕ್ಸಿ" ಎಂದರು ಗೋಪಾಲಪ್ಪನವರು. ನಾನು ಆಲಸನತ್ತಂ ರಸ್ತೆಯುದ್ದಕ್ಕೂ ಒಂದು ಸುತ್ತು ಹೊಡೆಸಿ ತಂದೆ. ಪುರೋಹಿತರು ಕೂಗುತ್ತಿದ್ದದ್ದು ಆಗಲೇ.

ಹೆಣ್ಣು ಕೊಡುವ ಮುಂಚೆ ಆ ಮನೆಯವರು ಎಂಥವರೋ ಎಂದು ನನಗೆ ಭಯವಿತ್ತು. ನಿನಗೆ ಬರೆದಿರಲಿಲ್ಲ. ಈಗ ಆ ಭಯವಿಲ್ಲ.

ಅವ್ವನನ್ನು ಈಗ ಹಿಡಿಯುವುದು ಕಷ್ಟವಾಗಿದೆ. ಹೋದ ವಾರ ಅಂಚೆಟ್ಟಿ ಸಂತೆಗೆ ಹೋಗಿ ಬಂದಳು, ಮೊನ್ನೆ ಕೃಷ್ಣಗಿರಿ ಡ್ಯಾಮ್ ತೋರಿಸು ಅಂದಳು. ಮಾರ್ಚ್ ನಾಲ್ಕರ ಭಾನುವಾರ ನಿನ್ನ ಹೊಸ ಮನೆ ನೋಡುವುದಕ್ಕೆ ಹೊರಟಿದ್ದಾಳೆ. ಊರೆಲ್ಲ ಜೊತೆಗೆ ಬರುತ್ತದೆ, ಅದನ್ನು ತಪ್ಪಿಸುವ ಹಾಗಿಲ್ಲ. ಇಳಿಯುವಾಗ ಈ ಸಲ ಅವಳೇ ಮೊದಲು ಎಂದು ನಾನು ಎಷ್ಟು ಹೇಳಿದರೂ ಕೇಳುತ್ತಿಲ್ಲ. "ಅದ್ಯಾಕ್ಲಾ ಮೊದ್ಲು? ಆ ಮಗೀನ ಮಾವ ಹತ್ತಿ ಕೂತ್ಕತಾರೆ, ಆಮ್ಯಾಕೆ ಇಳೀತೀನಿ ಅಂತ ಬರಿ" ಅಂದಿದ್ದಾಳೆ.

ವೆಂಕಟೇಶಪ್ಪ